ಮೇರಿಗೆ ಬಂದ ಟೆಲಿಗ್ರಾಂ: ಬೆವರ್ಲಿ ನಾಯ್ಡೂ ಅವರ ಬದುಕು, ಬರಹ

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ, ಮಕ್ಕಳ ಪುಸ್ತಕಗಳ ಬಗ್ಗೆ ಆಸಕ್ತಿ ಇರುವ ತಂದೆತಾಯಿ ಮತ್ತು ಮೇಷ್ಟ್ರುಗಳ ಮುಂದೆ ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ.

ನೋಟಿಸ್ ಬೋರ್ಡ್ ನೋಡಿದ ಹಿರಿಯರೊಬ್ಬರು ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ ಕೇಳಿದರು: "ಆಫ್ರಿಕಾದ ಲೇಖಕಿ ಅಂತ ಬರೆದಿದ್ದೀರಿ, ಹೆಸರು ನೋಡಿದರೆ ನಾಯ್ಡು ಅಂತ ಇದೆಯಲ್ಲ ಮೇಡಂ?" ಒಳ್ಳೆಯ ಪ್ರಶ್ನೆ. ಅಲ್ಲಿಂದಲೇ ಶುರು ಮಾಡೋಣ.

ಬೆವರ್ಲಿ ನಾಯ್ಡೂ ಹುಟ್ಟಿದ್ದು 1943ರ ಮೇ 21ರಂದು, ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಲ್ಲಿ. ಬಿಳಿಯರ ಕುಟುಂಬ. ನಾಯ್ಡೂ ಅನ್ನೋದು ಗಂಡನ ಕಡೆಯ ಹೆಸರು. ಗಂಡ ನಂದಾ ನಾಯ್ಡೂ ಅವರೂ ದಕ್ಷಿಣ ಆಫ್ರಿಕಾದವರೇ, ಭಾರತ ಮೂಲದವರು. 1860ರಲ್ಲಿ ಮದ್ರಾಸಿನಿಂದ ಹೊರಟ ಒಂದು ಹಡಗು ಕಬ್ಬಿನ ತೋಟಗಳಿಗೆ ಕೂಲಿಯಾಳುಗಳನ್ನು ತುಂಬಿಕೊಂಡು ಡರ್ಬನ್ ಬಂದರಿಗೆ ಹೋಯಿತು. ಆಮೇಲೆ 1911ರವರೆಗೂ ಹಡಗುಗಳು ಹೋಗುತ್ತಲೇ ಇದ್ದವು. ನಮಗೆ ಪರಿಚಯ ಇರುವ ಎಷ್ಟೋ ಮನೆತನದ ಹೆಸರುಗಳು ಆ ದೇಶದಲ್ಲಿ ಕೇಳಿಬರುವುದಕ್ಕೆ ಇದೇ ಕಾರಣ.

ಬಿಳಿಯ ಹುಡುಗಿ, ಭಾರತ ಮೂಲದ ಹುಡುಗ. ಇಬ್ಬರೂ ಒಂದೇ ದೇಶದವರು. ಆದರೆ ಆ ದೇಶದಲ್ಲಿ ಇವರು ಮದುವೆಯಾಗುವ ಹಾಗಿರಲಿಲ್ಲ. 1949ರಲ್ಲಿ ಬಂದ ಕಾನೂನಿನ ಪ್ರಕಾರ ಬಿಳಿಯರು ಬೇರೆ ಬಣ್ಣದವರನ್ನು ಮದುವೆಯಾಗುವುದು ಅಪರಾಧ. ಇಬ್ಬರೂ ದೇಶ ಬಿಟ್ಟು ಇಂಗ್ಲೆಂಡಿಗೆ ಬಂದವರು, ಅಲ್ಲೇ ಸಂಸಾರ ಕಟ್ಟಿಕೊಂಡವರು. ಹಾಗಾಗಿ ಪುಸ್ತಕದ ಮೇಲಿರುವ ಆ ಎರಡು ಪದದ ಹೆಸರು, ಬೆವರ್ಲಿ ನಾಯ್ಡೂ ಅನ್ನೋದು, ಆಗಿನ ಅವರ ದೇಶದಲ್ಲಿ ಇರಲಿಕ್ಕೇ ಸಾಧ್ಯವಿರಲಿಲ್ಲ.

ಆದರೆ ನಾನು ಇವತ್ತು ಹೆಚ್ಚು ಹೊತ್ತು ಹೇಳಬೇಕೆಂದಿರುವುದು ಇನ್ನೊಂದು ಹೆಸರಿನ ಬಗ್ಗೆ. ಮೇರಿ.

ಬೆವರ್ಲಿ ಅವರ ಮನೆಯಲ್ಲಿ ಅಡುಗೆ ಮಾಡಿಕೊಂಡು, ಮಕ್ಕಳನ್ನು ನೋಡಿಕೊಂಡಿದ್ದ ಕಪ್ಪು ಹೆಂಗಸು ಅವರು. ಮನೆಯವರಿಗೆ ಅವರು ಬರೀ ಮೇರಿ. ಪುಟ್ಟ ಬೆವರ್ಲಿಯನ್ನು ಎತ್ತಿ ಆಡಿಸಿದವರು, ಉಣ್ಣಿಸಿದವರು ಅವರೇ. ಅವರಿಗೂ ಮೂವರು ಮಕ್ಕಳಿದ್ದರು. ಆ ಮಕ್ಕಳು ಇದ್ದದ್ದು ಬಹಳ ದೂರದ ಹಳ್ಳಿಯಲ್ಲಿ. ಕಪ್ಪು ಜನ ಪಟ್ಟಣಕ್ಕೆ ದುಡಿಯಲು ಬರಬಹುದಿತ್ತು, ಅದಕ್ಕೆ ಪಾಸ್, ಅಂದರೆ ಸರ್ಕಾರದ ಅನುಮತಿ ಪತ್ರ, ಬೇಕಿತ್ತು. ಮಕ್ಕಳನ್ನು ಕರಕೊಂಡು ಬಂದು ಜೊತೆಗಿಟ್ಟುಕೊಳ್ಳುವ ಹಾಗಿರಲಿಲ್ಲ.

ಒಂದು ದಿನ ಮೇರಿಗೆ ಟೆಲಿಗ್ರಾಂ ಬಂತು. ಓದಿದವರೇ ಅಲ್ಲೇ ಕುಸಿದುಬಿದ್ದರು. ಮೂವರು ಮಕ್ಕಳಲ್ಲಿ ಇಬ್ಬರು ಹೋಗಿಬಿಟ್ಟಿದ್ದರು. ಡಿಫ್ತೀರಿಯಾ, ನಮ್ಮ ಹಿರಿಯರು ಗಂಟಲಮಾರಿ ಅನ್ನುತ್ತಿದ್ದ ಕಾಯಿಲೆ. ಬೆವರ್ಲಿಗೆ ಆಗ ಅದು ಪೂರ್ತಿ ಅರ್ಥವಾಗಲಿಲ್ಲ, ಸಣ್ಣ ಹುಡುಗಿ. ಎಷ್ಟೋ ವರ್ಷ ಆದಮೇಲೆ ಅವರಿಗೆ ಹೊಳೆದದ್ದು ಇಷ್ಟು: ಆ ಕಾಯಿಲೆಗೆ ಲಸಿಕೆ ಇತ್ತು. ಬಿಳಿಯರ ಮಗುವಾದ ತನಗೆ ಅದನ್ನು ಹಾಕಿಸಿದ್ದರು. ಮೇರಿಯ ಮಕ್ಕಳಿಗೆ ಅದು ಸಿಕ್ಕಿರಲಿಲ್ಲ.

ಒಂದೇ ಅಡುಗೆಮನೆ. ತಾಯಿಯ ಹಾಗೆ ನೋಡಿಕೊಂಡ ಹೆಂಗಸಿನ ಕೈಯಲ್ಲಿ ಬೆಳೆದ ಮಗು ಬದುಕಿತು, ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ಸತ್ತವು.

ತಾನು ಇದನ್ನು ಕಣ್ಣಾರೆ ಕಂಡೂ ಯಾಕೆ ಕಾಣಲಿಲ್ಲ ಅನ್ನುವ ಪ್ರಶ್ನೆ ಬೆವರ್ಲಿ ಅವರನ್ನು ಮುಂದೆ ಬಿಡಲೇ ಇಲ್ಲ. ತನ್ನ ಸುತ್ತಲಿನ ದೊಡ್ಡವರು ಮಕ್ಕಳಿಗೆ ಸುಳ್ಳನ್ನೇ ಲೋಕ ಅಂತ ತೋರಿಸಿದರು ಎಂಬ ಸಿಟ್ಟನ್ನು ಅವರು ಎಲ್ಲೂ ಮುಚ್ಚಿಟ್ಟವರಲ್ಲ. ನನಗೆ ಈ ಸಿಟ್ಟಿನ ಮೇಲೆ ಬಹಳ ಗೌರವ ಇದೆ. ನಮ್ಮ ಮನೆಗೂ ನಾನು ಚಿಕ್ಕವಳಿದ್ದಾಗ ಪಾತ್ರೆ ತೊಳೆಯಲು ಒಬ್ಬರು ಬರುತ್ತಿದ್ದರು. ಅವರ ಹೆಸರು ನೆನಪಿದೆ. ಅವರಿಗೆ ಎಷ್ಟು ಮಕ್ಕಳು, ಆ ಮಕ್ಕಳು ಯಾವ ಶಾಲೆಗೆ ಹೋಗುತ್ತಿದ್ದರು ಅಂತ ನಾನು ಒಂದು ದಿನವೂ ಕೇಳಲಿಲ್ಲ. ಬೆವರ್ಲಿ ಅವರನ್ನು ಓದಿದ ಮೇಲೆ ಅದು ಚುಚ್ಚುತ್ತದೆ.

ಶಾಲೆ ಬಿಳಿಯರದು, ನೆರೆಹೊರೆ ಬಿಳಿಯರದು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪಾಸ್ ಕಾನೂನಿನ ವಿರುದ್ಧ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಮಂದಿಯನ್ನು ಕೊಂದಾಗ ಬೆವರ್ಲಿಗೆ ಇನ್ನೂ ಹದಿನೇಳು ತುಂಬಿರಲಿಲ್ಲ. ಕಣ್ಣು ತೆರೆದದ್ದು ವಿಟ್‌ವಾಟರ್ಸ್‌ರ‍್ಯಾಂಡ್ ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ. ಅಣ್ಣ ಪಾಲ್ ಕೂಡ ವರ್ಣಭೇದದ ವಿರುದ್ಧ ಕೆಲಸಕ್ಕೆ ಇಳಿದಿದ್ದರು.

1964ರಲ್ಲಿ ಪೊಲೀಸರು ಬಂದರು. ಹಿಂದಿನ ವರ್ಷವಷ್ಟೇ ಒಂದು ಕಾನೂನು ಮಾಡಿಕೊಂಡಿದ್ದರು: ಯಾರನ್ನು ಬೇಕಾದರೂ ಕೇಸು ಹಾಕದೆ, ವಕೀಲರನ್ನು ನೋಡಲು ಬಿಡದೆ 90 ದಿನ ಒಳಗಿಡಬಹುದು. ಆ ಕಾನೂನಿನಡಿ 21 ವರ್ಷದ ಬೆವರ್ಲಿಯನ್ನು ಎಂಟು ವಾರ ಒಂಟಿ ಕೋಣೆಯಲ್ಲಿ ಕೂಡಿಟ್ಟರು. ಅಣ್ಣನಿಗೆ ಇನ್ನೂ ಜಾಸ್ತಿ, ಮೂರು ವರ್ಷ ಜೈಲು. ಮಾರನೇ ವರ್ಷ, 1965ರಲ್ಲಿ, ಬೆವರ್ಲಿ ಓದಲಿಕ್ಕೆಂದು ಇಂಗ್ಲೆಂಡಿನ ಯಾರ್ಕ್‌ಗೆ ಹೋದರು. ಓದು ಮುಗಿಸಿ ಊರಿಗೆ ವಾಪಸ್ ಬರುವ ದಾರಿ ಮುಚ್ಚಿಹೋಯಿತು. ಮುಂದೆ ಸುಮಾರು ಇಪ್ಪತ್ತೈದು ವರ್ಷ ಹೊರಗೇ ಉಳಿದರು.

ಲಂಡನ್ನಿನಲ್ಲಿ ಟೀಚರ್ ಕೆಲಸ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಮೇಷ್ಟ್ರುಗಳು ಬಹಳ ಜನ ಕೂತಿದ್ದೀರಿ. ಅವರು ಮೊದಲ ಕಥೆ ಪ್ರಕಟಿಸುವ ಹೊತ್ತಿಗೆ ನಲವತ್ತು ದಾಟಿತ್ತು. ಅದಕ್ಕೂ ಮೊದಲು ಮಾಡಿದ ಕೆಲಸ ನಮಗೆ ಬೇಸರ ಅನ್ನಿಸಬಹುದು: ಬ್ರಿಟನ್ನಿನ ಮಕ್ಕಳಿಗೆ ಸಿಗುತ್ತಿದ್ದ ದಕ್ಷಿಣ ಆಫ್ರಿಕಾ ಕುರಿತ ಮಾಹಿತಿ ಪುಸ್ತಕಗಳನ್ನು ಒಂದೊಂದಾಗಿ ಕೂತು ಓದಿದರು. ಚಿನ್ನದ ಗಣಿ ಇತ್ತು, ಕಾಡುಪ್ರಾಣಿ ಇತ್ತು, ಬಿಸಿಲು ಇತ್ತು. ಪಾಸ್ ಕಾನೂನು, ಬೇರೆಯಾದ ಮಕ್ಕಳು, ಜೈಲು, ಇವು ಇರಲಿಲ್ಲ, ಇದ್ದರೂ ನೀರು ಬೆರೆಸಿ ಹೇಳಿದ್ದರು. ಅದನ್ನೇ ಒಂದು ವರದಿಯಾಗಿ ಬರೆದರು. ಇಂಗ್ಲೆಂಡಿನ ಮಗುವಿನ ಕಣ್ಣಿಗೂ ಅದೇ ಪಟ್ಟಿ ಕಟ್ಟುತ್ತಿದ್ದಾರೆ ಅಂತ ಅವರಿಗೆ ಕಂಡಿತು. ವರದಿ ಬರೆದರೆ ದೊಡ್ಡವರು ಓದುತ್ತಾರೆ. ಮಕ್ಕಳು ಓದಬೇಕಾದರೆ ಕಥೆ ಬೇಕು, ಅಲ್ವಾ? ಹಾಗೆ 1985ರಲ್ಲಿ ಬಂದದ್ದು 'ಜರ್ನಿ ಟು ಜೋಬರ್ಗ್'. ಜೋಬರ್ಗ್ ಅಂದರೆ ಜೋಹಾನ್ಸ್‌ಬರ್ಗ್.

ಪುಸ್ತಕ ಇಲ್ಲಿದೆ, ನೋಡಿ. ನೂರು ಪುಟವೂ ಇಲ್ಲ. ಹದಿಮೂರು ವರ್ಷದ ನಲೇಡಿ, ಒಂಬತ್ತು ವರ್ಷದ ತಮ್ಮ ಟೀರೊ. ಹಳ್ಳಿಯಲ್ಲಿ ಅಜ್ಜಿ, ಚಿಕ್ಕಮ್ಮನ ಜೊತೆ ಇದ್ದಾರೆ. ಪುಟ್ಟ ತಂಗಿ ದಿನೇಯೊಗೆ ಜ್ವರ ಏರಿದೆ, ಇಳಿಯುತ್ತಿಲ್ಲ. ಅಮ್ಮ ಇರುವುದು ಮುನ್ನೂರು ಕಿಲೋಮೀಟರ್ ದೂರದ ಜೋಹಾನ್ಸ್‌ಬರ್ಗ್‌ನಲ್ಲಿ, ಬಿಳಿಯರ ಮನೆಗೆಲಸದಲ್ಲಿ. ಅಮ್ಮನನ್ನು ಕರೆತರಬೇಕು ಅಂತ ಮಕ್ಕಳಿಬ್ಬರೂ ನಡೆದೇ ಹೊರಡುತ್ತಾರೆ.

ಕಥೆಯ ಮಕ್ಕಳ ಮನೆಮಾತು ಸ್ವಾನಾ. ನಲೇಡಿ ಅಂದರೆ ಆ ಭಾಷೆಯಲ್ಲಿ ನಕ್ಷತ್ರ. ಚಿಕ್ಕಮ್ಮನಿಗೆ ಅವರು 'ಮ್ಮಾಂಗ್ವಾನೆ' ಅನ್ನುತ್ತಾರೆ. ನಮ್ಮ ಹಾಗೇ, ತಾಯಿಯ ತಂಗಿಯೂ ಅಲ್ಲಿ ಇನ್ನೊಬ್ಬ ಅಮ್ಮ. ಇಂಗ್ಲಿಷಿನ ಆಂಟಿಯಲ್ಲಿ ಈ ಅಮ್ಮ ಇಲ್ಲ. ಬೆವರ್ಲಿ ಅವರು ಇಂಗ್ಲಿಷ್ ಕಥೆಯಲ್ಲೂ ಆ ಪದವನ್ನು ಹಾಗೇ ಉಳಿಸಿಕೊಂಡಿದ್ದಾರೆ. ಕನ್ನಡದಲ್ಲಿ ಓದಿ ಹೇಳುವಾಗ ನನಗೆ ಕಷ್ಟವೇ ಆಗಲಿಲ್ಲ. ಚಿಕ್ಕಮ್ಮ ಅಂದೆ, ಮಕ್ಕಳಿಗೆ ಎಲ್ಲಾ ಗೊತ್ತಾಯಿತು.

ಈ ಗ್ರಂಥಾಲಯದಲ್ಲೇ ಭಾನುವಾರಗಳಂದು ಇದನ್ನು ಎಂಟು ಹತ್ತು ಮಕ್ಕಳ ಜೊತೆ ಓದಿದೆವು. ಪೊಲೀಸರು ಬರುವ ಕಡೆ ಮಕ್ಕಳು ಹೆದರಬಹುದು ಅಂದುಕೊಂಡಿದ್ದೆ. ಅವರು ಸುಮ್ಮನಾಗಿಹೋದದ್ದು ಬೇರೆ ಎರಡು ಕಡೆ.

ಮೊದಲನೆಯದು ಬಸ್ಸು. ಅಷ್ಟು ದೂರ ನಡೆದು, ಲಾರಿ ಹತ್ತಿ, ಅಂತೂ ದೊಡ್ಡ ಊರು ಮುಟ್ಟಿದ್ದಾರೆ. ಅಮ್ಮನ ಬಡಾವಣೆ ಪಾರ್ಕ್‌ಟೌನ್. ಅದೇ ಹೆಸರಿನ ಬೋರ್ಡ್ ಹಾಕಿಕೊಂಡ ಬಸ್ಸು ಮುಂದೆ ಬಂದು ನಿಲ್ಲುತ್ತದೆ. ಖುಷಿಯಿಂದ ಇನ್ನೇನು ಕಾಲಿಡಬೇಕು, ಡ್ರೈವರ್ ಗದರುತ್ತಾನೆ. ಒಳಗೆ ಕೂತವರೆಲ್ಲ ದಿಟ್ಟಿಸುತ್ತಾರೆ. ಗ್ರೇಸ್ ಅನ್ನುವ ಹುಡುಗಿ ಬಂದು ಇವರನ್ನು ಪಕ್ಕಕ್ಕೆ ಕರೆದು ಸಮಾಧಾನ ಮಾಡುತ್ತಾಳೆ: ಅದು ಬಿಳಿಯರ ಬಸ್ಸು, ನಮ್ಮದು ಆ ಕಡೆ. ನಮ್ಮ ಗುಂಪಿನ ಒಬ್ಬ ಹುಡುಗ ಕೇಳಿದ, "ಬೋರ್ಡ್ ಓದಿಯೇ ಹತ್ತಿದ್ದರಲ್ಲ, ತಪ್ಪೇನು ಮಾಡಿದರು?" ನಾನು ಉತ್ತರ ಕೊಡಲು ಹೋಗಲಿಲ್ಲ. ಬೆವರ್ಲಿ ಅವರೂ ಅಲ್ಲಿ ಭಾಷಣ ಮಾಡುವುದಿಲ್ಲ. ಒಂದು ಬಸ್ಸು, ಒಂದು ಗದರಿಕೆ, ಅಷ್ಟೇ.

ಎರಡನೆಯದು ಮನೆಯ ಬಾಗಿಲು. ಮಕ್ಕಳು ಅಮ್ಮನನ್ನು ಹುಡುಕಿಕೊಂಡು ಬಂದೇಬಿಟ್ಟರು. ಮಗುವಿಗೆ ಹುಷಾರಿಲ್ಲ, ಹೋಗಬೇಕು ಅಂತ ಅಮ್ಮ ಒಡತಿಯನ್ನು ಬೇಡುತ್ತಾಳೆ. ಒಡತಿ ಒದೆಯುವುದಿಲ್ಲ, ಬೈಯುವುದಿಲ್ಲ. ಇವತ್ತು ರಾತ್ರಿ ನಾವು ಊಟಕ್ಕೆ ಹೊರಗೆ ಹೋಗಬೇಕು, ನಮ್ಮ ಮಗಳನ್ನು ನೋಡಿಕೊಳ್ಳುವವರು ಬೇಕಲ್ಲ, ನಾಳೆ ಬೆಳಗ್ಗೆ ಹೋಗು ಅನ್ನುತ್ತಾಳೆ. ಒಂದು ವಾರದಲ್ಲಿ ವಾಪಸ್ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಅನ್ನುವ ಮಾತೂ ಬರುತ್ತದೆ. ಮುನ್ನೂರು ಕಿಲೋಮೀಟರ್ ದಾಟಿ ಬಂದ ಮಕ್ಕಳು ಆ ರಾತ್ರಿ ಅಮ್ಮನ ಹತ್ತಿರ ಮಲಗುವ ಹಾಗೂ ಇಲ್ಲ. ಗ್ರೇಸ್ ಅವರನ್ನು ಊರಂಚಿನಲ್ಲಿ ಕಪ್ಪು ಜನರಿಗೆಂದೇ ಇದ್ದ ಸೊವೆಟೊಗೆ, ತನ್ನ ಮನೆಗೆ ಕರೆದೊಯ್ಯುತ್ತಾಳೆ. 1976ರಲ್ಲಿ ಅಲ್ಲಿನ ಶಾಲಾ ಮಕ್ಕಳು ಬೀದಿಗಿಳಿದದ್ದು, ಗುಂಡೇಟು ತಿಂದದ್ದು ನಲೇಡಿಗೆ ಗೊತ್ತಾಗುವುದು ಆ ಮನೆಯಲ್ಲೇ.

ಆ ಒಡತಿಯ ಪಾತ್ರ ಬರೆಯುವಾಗ ಬೆವರ್ಲಿ ಅವರ ಕೈ ಹೇಗೆ ಓಡಿತೋ ಅಂತ ನಾನು ಯೋಚಿಸುತ್ತೇನೆ. ಅಂಥದೇ ಒಂದು ಮನೆಯಲ್ಲಿ ಬೆಳೆದವರು ಅವರು. ರಾತ್ರಿ ಯಾರಾದರೂ ನೋಡಿಕೊಳ್ಳಬೇಕಿದ್ದ ಆ ಬಿಳಿಯ ಮಗುವಿನ ಜಾಗದಲ್ಲಿ ತಾವೇ ಇದ್ದವರು. ಒಡತಿಯನ್ನು ರಾಕ್ಷಸಿ ಮಾಡಿಬಿಡುವುದು ಸುಲಭ ಇತ್ತು. ಹಾಗೆ ಮಾಡಲಿಲ್ಲ, ಅದಕ್ಕೇ ಅದು ಅಷ್ಟು ತಾಗುತ್ತದೆ.

ಪುಸ್ತಕದ ಅರ್ಪಣೆ ತಾಯಿಯಿಂದ ದೂರದಲ್ಲಿ ಸತ್ತ ಇಬ್ಬರು ಪುಟ್ಟ ಮಕ್ಕಳ ನೆನಪಿಗೆ, ಮತ್ತು ಅವರ ತಾಯಿ ಮೇರಿಗೆ.

ದಕ್ಷಿಣ ಆಫ್ರಿಕಾ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ಇಲ್ಲೊಂದು ವಿಚಿತ್ರ ನೋಡಿ. ಬಣ್ಣ ದಾಟಿ ಮದುವೆ ಆಗಬಾರದು ಅನ್ನುವ ಆ ಹಳೇ ಕಾನೂನನ್ನು ಅವರು ರದ್ದು ಮಾಡಿದ್ದೂ ಅದೇ 1985ರಲ್ಲಿ. ಮದುವೆಗೆ ಬಿಡುಗಡೆ ಸಿಕ್ಕಿತು, ಎರಡು ಮಕ್ಕಳು ಅಮ್ಮನನ್ನು ಹುಡುಕಿಕೊಂಡು ಹೋಗುವ ಕಥೆಗೆ ಸಿಗಲಿಲ್ಲ. 1991ರವರೆಗೂ ನಿಷೇಧ ಇತ್ತು. ಅಷ್ಟರಲ್ಲಿ ಬ್ರಿಟನ್, ಅಮೆರಿಕದ ಶಾಲೆಗಳಲ್ಲಿ ಮಕ್ಕಳು ಅದನ್ನು ಓದಿ ಮುಗಿಸಿದ್ದರು.

ಮುಂದಿನ ಕಾದಂಬರಿ 'ಚೈನ್ ಆಫ್ ಫೈರ್', 1989ರದು. ಅದೇ ನಲೇಡಿ, ಅದೇ ಹಳ್ಳಿ. ಈ ಸಲ ಮನೆಗಳ ಬಾಗಿಲ ಮೇಲೆ ನಂಬರ್ ಬರೆದು ಹೋಗುತ್ತಾರೆ. ಇಡೀ ಊರನ್ನೇ ಎತ್ತಿ 'ಹೋಮ್‌ಲ್ಯಾಂಡ್' ಅಂತ ಹೆಸರಿಟ್ಟ ಬರಡು ನೆಲಕ್ಕೆ ಹಾಕುವ ತಯಾರಿ ಅದು. 1960ರಿಂದ 1983ರ ನಡುವೆ ಸುಮಾರು 35 ಲಕ್ಷ ಜನರನ್ನು ಹೀಗೆ ಒಕ್ಕಲೆಬ್ಬಿಸಿದರು. ಅಂಕಿ ಕೇಳಿದರೆ ತಲೆ ತಿರುಗುತ್ತದೆ, ಆದರೆ ಮಗುವಿಗೆ ಅದು ಮುಟ್ಟುವುದು ತನ್ನ ಮನೆ ಬಾಗಿಲಿನ ನಂಬರಾಗಿ.

ನಡುವೆ ಅವರು ಮಾಡಿದ ಇನ್ನೊಂದು ಕೆಲಸ ಶಿಕ್ಷಕರಿಗೆ ಬಹಳ ಮುಖ್ಯ. ಇಂಗ್ಲೆಂಡಿನಲ್ಲಿ ಬರೀ ಬಿಳಿಯ ಮಕ್ಕಳೇ ಇದ್ದ ಒಂದು ತರಗತಿ. ಹದಿಮೂರು ಹದಿನಾಲ್ಕರ ವಯಸ್ಸು. ಬಣ್ಣ, ಜನಾಂಗದ ಭೇದ ಕುರಿತ ಕಾದಂಬರಿಗಳನ್ನು ಆ ಮಕ್ಕಳು ಓದುವಾಗ ಏನಾಗುತ್ತದೆ ಅಂತ ಒಂದು ವರ್ಷ ಜೊತೆಗಿದ್ದು ಗಮನಿಸಿದರು. ಪಿಎಚ್.ಡಿ ಆದದ್ದು ಅದರ ಮೇಲೆ. ಒಳ್ಳೆಯ ಪುಸ್ತಕ ಕೈಗಿಟ್ಟ ಮಾತ್ರಕ್ಕೆ ಮಗು ಬದಲಾಗಿಬಿಡುತ್ತದೆ ಅನ್ನುವ ನಂಬಿಕೆ ಅವರಿಗೆ ಇರಲಿಲ್ಲ. ಯಾರ ಕಣ್ಣಿನಿಂದ ಓದುತ್ತಿದ್ದೇವೆ ಅನ್ನುವುದೇ ಅವರ ಪ್ರಶ್ನೆ.

1991ರಲ್ಲಿ ಊರಿನ ಬಾಗಿಲು ತೆರೆಯಿತು. ಹೋದವರು ಏನು ಮಾಡಿದರು? ನೆನಪಿನ ಮೇಲೆ ಬರೆಯಲಿಲ್ಲ. ರಂಗನಿರ್ದೇಶಕಿ ಒಲುಶೋಲಾ ಒಯೆಲೆಯೆ ಅವರ ಜೊತೆ ಸೇರಿ ಮಕ್ಕಳಿಗೆ ನಾಟಕದ ಕಮ್ಮಟ ಮಾಡಿದರು, ಅವರ ಮಾತು ಕೇಳಿಸಿಕೊಂಡರು. 1995ರಲ್ಲಿ 'ನೋ ಟರ್ನಿಂಗ್ ಬ್ಯಾಕ್' ಬಂತು. ಮಲತಂದೆಯ ಹೊಡೆತ ತಾಳದೆ ಓಡಿಬಂದ ಹನ್ನೆರಡು ವರ್ಷದ ಸಿಫೊ, ಜೋಹಾನ್ಸ್‌ಬರ್ಗ್‌ನ ಬೀದಿಗಳು, ಚಳಿ ಮರೆಯಲು ಅಂಟು ಮೂಸುವ ಹುಡುಗರು. ದೇಶಕ್ಕೆ ಹೊಸ ಕಾಲ ಬರುತ್ತಿದೆ ಅಂತ ಎಲ್ಲರೂ ಕುಣಿಯುವಾಗ ಇವರು ಫುಟ್‌ಪಾತಿನ ಮಕ್ಕಳ ಹತ್ತಿರ ಕೂತಿದ್ದರು.

2000ದಲ್ಲಿ ಬಂದ 'ದಿ ಅದರ್ ಸೈಡ್ ಆಫ್ ಟ್ರೂತ್' ಅವರಿಗೆ ಕಾರ್ನೆಗಿ ಪದಕ ತಂದುಕೊಟ್ಟಿತು. ಬ್ರಿಟನ್ನಿನಲ್ಲಿ ಮಕ್ಕಳ ಪುಸ್ತಕಕ್ಕೆ ಅದಕ್ಕಿಂತ ದೊಡ್ಡ ಮನ್ನಣೆ ಇಲ್ಲ ಅನ್ನಬಹುದು, 1936ರಿಂದ ನಡೆದುಬಂದದ್ದು. ಈ ಕಥೆ ಹುಟ್ಟುವುದು ನೈಜೀರಿಯಾದಲ್ಲಿ. 1995ರ ನವೆಂಬರ್ 10ರಂದು ಅಲ್ಲಿನ ಮಿಲಿಟರಿ ಸರ್ಕಾರ ಲೇಖಕ ಕೆನ್ ಸಾರೊ-ವೀವಾ ಮತ್ತು ಇನ್ನೂ ಎಂಟು ಜನರನ್ನು ಗಲ್ಲಿಗೇರಿಸಿತು. ಓಗೊನಿ ಜನರ ನೆಲವನ್ನು ತೈಲ ಕಂಪನಿಗಳು ಹಾಳುಮಾಡುತ್ತಿವೆ ಅಂತ ಅವರು ಹೋರಾಡಿದ್ದರು. ಕಾದಂಬರಿಯ ಶಾದೆಯ ಅಪ್ಪ ಸರ್ಕಾರದ ವಿರುದ್ಧ ಬರೆಯುವ ಪತ್ರಕರ್ತ. ಹನ್ನೆರಡರ ಹುಡುಗಿ ಶಾಲೆಗೆ ಹೊರಡಲು ಚೀಲಕ್ಕೆ ಪುಸ್ತಕ ಹಾಕುತ್ತಿದ್ದಾಳೆ, ಹೊರಗೆ ಗುಂಡಿನ ಸದ್ದು. ಅಪ್ಪನಿಗೆಂದು ಬಂದ ಗುಂಡು ಅಮ್ಮನಿಗೆ ಬೀಳುತ್ತದೆ. ಅಕ್ಕ ತಮ್ಮ ಇಬ್ಬರನ್ನೂ ಕಳ್ಳದಾರಿಯಲ್ಲಿ ಲಂಡನ್ನಿಗೆ ಸಾಗಿಸುತ್ತಾರೆ. ದುಡ್ಡು ಪಡೆದು ಕರೆತಂದ ಹೆಂಗಸು ವಿಕ್ಟೋರಿಯಾ ಸ್ಟೇಷನ್ನಿನಲ್ಲಿ ಇಬ್ಬರನ್ನೂ ಬಿಟ್ಟು ಮಾಯವಾಗುತ್ತಾಳೆ.

ಮುಂದೆ ಬರುವ ಅಧಿಕಾರಿಗಳು, ಸಾಕು ಮನೆ, ಶಾಲೆಯ ಹುಡುಗಿಯರ ಕಿರುಕುಳ, ಯಾವುದರಲ್ಲೂ ಶಾದೆ ನಿಜ ಹೇಳುವ ಹಾಗಿಲ್ಲ. ಹೇಳಿದರೆ ಅಪ್ಪನಿಗೆ ಅಪಾಯ. ನಿಜ ಬರೆದದ್ದಕ್ಕೇ ಮನೆ ಹಾಳಾದ ಹುಡುಗಿ ಈಗ ಉಳಿಯಬೇಕಾದರೆ ಸುಳ್ಳು ಹೇಳಬೇಕು. ಅಪ್ಪ ನಕಲಿ ಪಾಸ್‌ಪೋರ್ಟಿನಲ್ಲಿ ಬಂದು ಆಶ್ರಯ ಕೇಳಿದಾಗ ಇಂಗ್ಲೆಂಡಿನವರು ಅವನನ್ನು ಕೂಡಿಹಾಕುತ್ತಾರೆ. 21ನೇ ವಯಸ್ಸಿನಲ್ಲಿ ಎಂಟು ವಾರ ಒಂಟಿಯಾಗಿ ಕೂತಿದ್ದ ಹೆಣ್ಣುಮಗಳು ಬರೆದದ್ದು ಅಂತ ಆ ಪುಟಗಳಲ್ಲಿ ನನಗೆ ಗೊತ್ತಾಗುತ್ತದೆ. ತಮಗೆ ಜಾಗ ಕೊಟ್ಟ ದೇಶವನ್ನೂ ಅವರು ಸುಮ್ನೆ ಬಿಡಲಿಲ್ಲ. ನನ್ನ ಲೆಕ್ಕದಲ್ಲಿ ಇದೇ ಅವರ ಅತ್ಯುತ್ತಮ ಪುಸ್ತಕ.

ಭಾರತದ ಕಡೆಯವರು ಅವರ ಕಥೆಗಳಲ್ಲಿ ಬರುತ್ತಾರಾ ಅಂತ ನೀವು ಕೇಳಬಹುದು. ಬರುತ್ತಾರೆ, ಚೆನ್ನಾಗಿಯೇ ಬರುತ್ತಾರೆ. 2001ರ 'ಔಟ್ ಆಫ್ ಬೌಂಡ್ಸ್' ಸಂಕಲನದಲ್ಲಿ ಏಳು ಕಥೆ, 1948ರಿಂದ 2000ದವರೆಗೆ. ಮುನ್ನುಡಿ ವರ್ಣಭೇದದ ವಿರುದ್ಧ ಹೋರಾಡಿದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರದು. ಕೊನೆಯ ಕಥೆಯ ಹುಡುಗ ರೋಹನ್, ಭಾರತ ಮೂಲದವನು. ಗುಡ್ಡದ ಮೇಲೆ ಅನುಕೂಲಸ್ಥರ ಮನೆಗಳು, ಕೆಳಗೆ ಜೋಪಡಿಗಳು. ಆ ಕಡೆ ಹೋಗಕೂಡದು ಅಂತ ಮನೆಯಲ್ಲಿ ಕಟ್ಟಪ್ಪಣೆ. ಟಿವಿಯಲ್ಲಿ ಮೊಜಾಂಬಿಕ್ ಪ್ರವಾಹದ ಸುದ್ದಿ, ಮರದ ಮೇಲೆ ಹೆತ್ತ ತಾಯಿಯ ಸುದ್ದಿ. ಆಗ ಕೆಳಗಿನ ಸೊಲಾನಿ ಅನ್ನುವ ಹುಡುಗ ಬಾಗಿಲಿಗೆ ಬರುತ್ತಾನೆ. ಅವನ ತಾಯಿಗೆ ಹೆರಿಗೆ ನೋವು, ನೀರು ಬೇಕು. ಮನೆಯಲ್ಲಿ ದೊಡ್ಡವರಿಲ್ಲ. ರೋಹನ್ ನೀರು ಕೊಟ್ಟು ಬಾಗಿಲು ಹಾಕಿಕೊಳ್ಳುವುದಿಲ್ಲ, ಹೊರಲು ಜೊತೆಗೆ ಹೋಗುತ್ತಾನೆ. ಹಿಂದೆ ತುಳಿತಕ್ಕೆ ಸಿಕ್ಕವರೇ ಈಗ ಗೋಡೆ ಕಟ್ಟಿಕೊಂಡು ಕೂತಿದ್ದಾರೆ ಅನ್ನುವುದನ್ನು, ನಾಯ್ಡೂ ಮನೆಗೆ ಸೇರಿದ ಈ ಹೆಣ್ಣುಮಗಳು ಎಷ್ಟು ಪ್ರೀತಿಯಿಂದ, ಎಷ್ಟು ನೇರವಾಗಿ ಹೇಳಿದ್ದಾರೆ!

ಸಮಯ ಆಗುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. 2007ರ 'ಬರ್ನ್ ಮೈ ಹಾರ್ಟ್' 1950ರ ದಶಕದ ಕೀನ್ಯಾದ ಇಬ್ಬರು ಹುಡುಗರ ಕಥೆ. ಪ್ರಾಣಿಗಳ ಜನಪದ ಕಥೆಗಳನ್ನು ಪುಟ್ಟ ಮಕ್ಕಳಿಗಾಗಿ ಹೇಳಿದ್ದಾರೆ. 2012ರಲ್ಲಿ ದೊಡ್ಡವರಿಗಾಗಿ ಒಂದು ಜೀವನಚರಿತ್ರೆ ಬರೆದರು, ತಮ್ಮ ಸಂಬಂಧಿಕ ಡಾ. ನೀಲ್ ಆಗೆಟ್ ಅವರದು. ವೈದ್ಯ, ಕಾರ್ಮಿಕರ ಸಂಘಟಕ. 1982ರ ಫೆಬ್ರವರಿಯಲ್ಲಿ ಪೊಲೀಸ್ ಬಂಧನದಲ್ಲೇ ಸತ್ತರು. ನೇಣು ಹಾಕಿಕೊಂಡರು ಅಂತ ಪೊಲೀಸರು ಹೇಳಿದ್ದರು. 2022ರಲ್ಲಿ ನ್ಯಾಯಾಲಯ ಅದು ಸುಳ್ಳು, ಪೊಲೀಸರೇ ಕೊಂದರು ಅಂತ ತೀರ್ಪು ಕೊಟ್ಟಿತು. ನಲವತ್ತು ವರ್ಷ ಬೇಕಾಯಿತು. ಅದೇ 2022ರಲ್ಲಿ, ಎಂಬತ್ತರ ಹೊಸ್ತಿಲಲ್ಲಿ, ಬೆವರ್ಲಿ ಅವರ ಮತ್ತೊಂದು ಮಕ್ಕಳ ಕಾದಂಬರಿ ಬಂತು. ಜನರನ್ನು ಎರಡಾಗಿ ಸೀಳಿದ ಒಂದು ನಗರದ ಮಕ್ಕಳು ಅದರಲ್ಲಿದ್ದಾರೆ.

ಮಾತು ಮುಗಿದ ಮೇಲೆ ಬಂದ ಒಂದು ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ. ಒಬ್ಬ ತಾಯಿ ಕೇಳಿದರು: "ಇಷ್ಟು ದುಃಖದ ಕಥೆ ಹತ್ತು ವರ್ಷದ ಮಗುವಿಗೆ ಕೊಡಬಹುದಾ?"

ನಾನು 'ಜರ್ನಿ ಟು ಜೋಬರ್ಗ್' ಕೊನೆಯ ಭಾಗ ತೆಗೆದೆ. ಅಮ್ಮ ಮಕ್ಕಳ ಜೊತೆ ಹಳ್ಳಿಗೆ ಬರುತ್ತಾಳೆ. ದಿನೇಯೊನ ಎತ್ತಿಕೊಂಡು ಆಸ್ಪತ್ರೆಗೆ ಓಡುತ್ತಾಳೆ. ಅಲ್ಲಿ ಉದ್ದ ಸಾಲು, ಒಬ್ಬಿಬ್ಬರು ಡಾಕ್ಟರು. ಪಕ್ಕದಲ್ಲಿ ಇನ್ನೊಬ್ಬ ಚಿಕ್ಕ ವಯಸ್ಸಿನ ತಾಯಿ, ಅವಳ ಮಡಿಲಲ್ಲೂ ಒಂದು ಕೂಸು. ಸಾಲು ಮುಂದೆ ಹೋಗುವಷ್ಟರಲ್ಲಿ ಆ ಕೂಸು ಹೋಗಿಬಿಟ್ಟಿರುತ್ತದೆ. ದಿನೇಯೊ ಉಳಿಯುತ್ತಾಳೆ. ಹಾಲು, ಹಣ್ಣು, ತರಕಾರಿ ಕೊಡಿ ಅಂತ ಹೇಳಿ ಮನೆಗೆ ಕಳಿಸುತ್ತಾರೆ. ಹಾಲು ಹಣ್ಣಿಗೆ ದುಡ್ಡು ಬೇಕು, ದುಡ್ಡಿಗೆ ಅಮ್ಮ ಮತ್ತೆ ಜೋಹಾನ್ಸ್‌ಬರ್ಗ್‌ಗೆ ಹೋಗಬೇಕು.

ನಿಜದಲ್ಲಿ ಮೇರಿಯ ಇಬ್ಬರು ಮಕ್ಕಳು ಸತ್ತರು. ಕಥೆಯಲ್ಲಿ ಮಗುವನ್ನು ಬದುಕಿಸಿದ್ದಾರೆ, ಓದುವ ಮಕ್ಕಳಿಗೋಸ್ಕರ. ಆ ಸಾವನ್ನು ಬಿಟ್ಟುಬಿಡಲಿಲ್ಲ, ಪಕ್ಕದ ಬೆಂಚಿನ ಮೇಲೆ ಇಟ್ಟಿದ್ದಾರೆ. ಆ ಪುಟವನ್ನು ಪ್ರಶ್ನೆ ಕೇಳಿದ ತಾಯಿಗೆ ತೋರಿಸಿದೆ. ಅವರು ನಿಂತಲ್ಲೇ ಓದಿದರು, ಪುಸ್ತಕವನ್ನು ತಮ್ಮ ಕಾರ್ಡಿನ ಮೇಲೆ ಬರೆಸಿಕೊಂಡು ಹೋದರು.